ಆರಿಸಿದ್ದು ತಪ್ಪೋ, ಕೈಬಿಟ್ಟದ್ದು ತಪ್ಪೋ?

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ಅಧ್ಯಕ್ಷ ಪದವಿಗೆ ಚುನಾವಣೆ ಜರುಗುತ್ತದೆ. ಮತ ಎಣಿಕೆ ಮುಗಿದ ಮರುದಿನವೇ ಸೋತ ಪಕ್ಷದಲ್ಲಿ ಸೋಲಿನ ಕಾರಣಗಳ ಶೋಧ ಆರಂಭವಾಗುತ್ತದೆ. ಆಗ ಬಹುತೇಕ ಮೊದಲ ಬೆರಳು ಚಾಚುವುದು, ಉಪಾಧ್ಯಕ್ಷ ಪದವಿಗಾಗಿ ಅಭ್ಯರ್ಥಿಯು ಆರಿಸಿಕೊಂಡ ಜೊತೆಗಾರನ ಕಡೆಗೆ. 2008ರಲ್ಲಿ ಜಾನ್ ಮೆಕೇನ್ ಅವರು ಸಾರಾ ಪೇಲಿನ್ ಅವರನ್ನು ಆರಿಸಿದ್ದೇ ಎಡವಟ್ಟಾಯಿತೆಂದು ಹಲವರು ವಾದಿಸಿದರು. ಮೆಕೇನ್ ಅವರೇ 2018ರಲ್ಲಿ, ತಮ್ಮ ಕೊನೆಯ ಪುಸ್ತಕದಲ್ಲಿ, ಜೋ ಲೀಬರ್‌ಮನ್ ಅವರನ್ನು ಆರಿಸದೆ ಹೋದುದಕ್ಕಾಗಿ ಮರುಗಿದರು. 2024ರಲ್ಲಿ ಕಮಲಾ ಹ್ಯಾರಿಸ್ ಅವರು ಪೆನ್ಸಿಲ್ವೇನಿಯಾದ ಗವರ್ನರ್ ಜೋಶ್ ಶಪಿರೊ ಅವರನ್ನು ಬಿಟ್ಟು ಮಿನ್ನೆಸೋಟದ ಗವರ್ನರ್ ಟಿಮ್ ವಾಲ್ಜ್ ಅವರನ್ನು ಕೈಹಿಡಿದುದು ಸರಿಯೇ ಎಂಬ ಚರ್ಚೆ ದೀರ್ಘಕಾಲ ನಡೆಯಿತು. ತಮ್ಮ ಮನಸ್ಸಿನ ಮೊದಲ ಆಯ್ಕೆ ಇವರಿಬ್ಬರೂ ಅಲ್ಲದ ಪೀಟ್ ಬುಟಿಜೆಜ್ ಎಂದು ಹ್ಯಾರಿಸ್ ಅವರು 2025ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತಿಳಿಸಿದರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಇಂತಹ ಚರ್ಚೆಗಳಲ್ಲಿ ನಮಗೆ ಅಷ್ಟೊಂದು ಆಸಕ್ತಿಯಿಲ್ಲ. ಆದರೆ ಇವುಗಳ ಪೈಕಿ ಒಂದು ಪ್ರಕರಣವನ್ನು ಮಾತ್ರ ನಮ್ಮ ಕಥೋಲಿಕ ಕುಟುಂಬಗಳು ಕುಳಿತು ಚಿಂತಿಸಬೇಕೆಂದು ನಮಗೆ ತೋರುತ್ತದೆ. ಅದು 1972ರಲ್ಲಿ ನಡೆದದ್ದು. ಅದರಲ್ಲಿ ಕೈಬಿಡಲ್ಪಟ್ಟವರೂ ಕಥೋಲಿಕರು, ಅವರ ಸ್ಥಾನಕ್ಕೆ ಬಂದವರೂ ಕಥೋಲಿಕರು. ಆದರೆ ಈ ಅಂಕಣದಲ್ಲಿ ಅದನ್ನು ಎತ್ತಿಕೊಳ್ಳಲು ಅದೇ ಕಾರಣವಲ್ಲ. ಅಲ್ಲಿ ಎದ್ದ ಪ್ರಶ್ನೆಯೇ ನಮ್ಮ ಮನೆಗಳಲ್ಲಿ ಪ್ರತಿ ಮದುವೆಯ ಮಾತುಕತೆಯ ಸಂದರ್ಭದಲ್ಲಿ, ಬಾಗಿಲು ಮುಚ್ಚಿದ ಕೋಣೆಗಳಲ್ಲಿ, ತಗ್ಗಿದ ದನಿಯಲ್ಲಿ ಏಳುತ್ತಿರುತ್ತದೆ.

ಹದಿನೆಂಟು ದಿನಗಳ ಕಥೆ

1972ರ ಜುಲೈ ತಿಂಗಳಲ್ಲಿ ಡೆಮೊಕ್ರಾಟಿಕ್ ಪಕ್ಷದ ಮಹಾಧಿವೇಶನ ಫ್ಲೋರಿಡಾದ ಮಯಾಮಿ ಬೀಚ್‌ನಲ್ಲಿ ಸೇರಿತು. ದಕ್ಷಿಣ ಡಕೋಟ ರಾಜ್ಯದ ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ಅಧ್ಯಕ್ಷ ಪದವಿಯ ಅಭ್ಯರ್ಥಿಯಾಗಿ ಆಯ್ಕೆಯಾದರು. ಇವರು ಮೆಥೊಡಿಸ್ಟ್ ಬೋಧಕರೊಬ್ಬರ ಮಗ. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಚಾಲಕರಾಗಿ 35 ಬಾರಿ ಹಾರಾಟ ನಡೆಸಿದವರು. ವಿಯೆಟ್ನಾಂ ಯುದ್ಧವನ್ನು ನಿಲ್ಲಿಸಬೇಕೆಂದು ಎದೆಗಾರಿಕೆಯಿಂದ ಹೇಳಿದವರು. ಸಜ್ಜನರೆಂಬುದನ್ನು ಅವರ ವಿರೋಧಿಗಳೂ ಅಲ್ಲಗಳೆಯಲಿಲ್ಲ.

ಉಪಾಧ್ಯಕ್ಷ ಪದವಿಗೆ ಎಡ್ವರ್ಡ್ ಕೆನೆಡಿ ಒಪ್ಪುವರೆಂಬ ಆಸೆಯನ್ನು ಮೆಕ್‌ಗವರ್ನ್ ಕೊನೆಯವರೆಗೂ ಇಟ್ಟುಕೊಂಡಿದ್ದರು. ಕೆನೆಡಿ ಒಪ್ಪಲಿಲ್ಲ. ವಾಲ್ಟರ್ ಮಾಂಡೇಲ್ ಮೊದಲಾದ ಇನ್ನೂ ಕೆಲವರು ಕೈಮುಗಿದು ಹಿಂದೆ ಸರಿದರು. ಬಾಸ್ಟನ್ ನಗರದ ಮೇಯರ್ ಕೆವಿನ್ ವೈಟ್ ಅವರ ಹೆಸರು ಬಹುಮಟ್ಟಿಗೆ ನಿಶ್ಚಯವಾಗಿತ್ತಾದರೂ ಅವರದೇ ರಾಜ್ಯದ ಪ್ರತಿನಿಧಿಗಳ ಆಕ್ಷೇಪದಿಂದ ಅದು ಬಿದ್ದುಹೋಯಿತು. ಜುಲೈ 13ರ ಮಧ್ಯಾಹ್ನ ಕಳೆದಂತೆ ಹೆಸರು ಸಲ್ಲಿಸುವ ಗಡುವು ಹತ್ತಿರ ಬಂತು. ಆಗ ಮಿಸೌರಿ ರಾಜ್ಯದ ಸೆನೆಟರ್, 42 ವರ್ಷ ವಯಸ್ಸಿನ ತೋಮಸ್ ಈಗಲ್ಟನ್ ಅವರಿಗೆ ದೂರವಾಣಿ ಕರೆ ಹೋಯಿತು. ಮೆಕ್‌ಗವರ್ನ್ ಅವರಿಗೆ ಈತನ ನಿಕಟ ಪರಿಚಯವಿರಲಿಲ್ಲ. ಕೆಲವೇ ನಿಮಿಷಗಳ ಮಾತುಕತೆಯಲ್ಲಿ ಎಲ್ಲವೂ ಮುಗಿಯಿತು. ಹಿಂದಿನ ಜೀವನದಲ್ಲಿ ತೊಂದರೆ ತರಬಹುದಾದ ಸಂಗತಿ ಏನಾದರೂ ಇದೆಯೇ ಎಂದು ಮೆಕ್‌ಗವರ್ನ್ ಅವರ ಸಹಾಯಕರು ಫೋನಿನಲ್ಲಿಯೇ ಕೇಳಿದರು. ಇಲ್ಲವೆಂದು ಈಗಲ್ಟನ್ ಉತ್ತರಿಸಿದರು.

ಆದರೆ ಸಂಗತಿ ಇತ್ತು. ಈಗಲ್ಟನ್ ಅವರು ಮಾನಸಿಕ ಖಿನ್ನತೆಯ ಕಾರಣ 1960, 1964 ಮತ್ತು 1966ರಲ್ಲಿ, ಹೀಗೆ ಮೂರು ಬಾರಿ ಆಸ್ಪತ್ರೆ ಸೇರಿದ್ದರು. ಅವುಗಳಲ್ಲಿ ಎರಡು ಬಾರಿ ಅವರಿಗೆ ವಿದ್ಯುತ್ ಆಘಾತ ಚಿಕಿತ್ಸೆ, ಅಂದರೆ ನಮ್ಮ ಜನರ ಆಡುಮಾತಿನಲ್ಲಿ 'ಕರೆಂಟು ಕೊಡುವ' ಚಿಕಿತ್ಸೆ ನಡೆದಿತ್ತು. ಅಧಿವೇಶನ ಮುಗಿದು ಕೆಲವೇ ದಿನಗಳಲ್ಲಿ ಅನಾಮಧೇಯ ಕರೆಗಳ ಮೂಲಕ ಈ ವಿಷಯ ಪತ್ರಕರ್ತರ ಕಿವಿಗೂ ಬಿತ್ತು. ಪತ್ರಿಕೆಗಳಲ್ಲಿ ಬರುವುದಕ್ಕೆ ಮುನ್ನ ತಾವೇ ಹೇಳಿಬಿಡುವುದು ಲೇಸೆಂದು ಜುಲೈ 25ರಂದು ದಕ್ಷಿಣ ಡಕೋಟದ ಬೆಟ್ಟದೂರೊಂದರಲ್ಲಿ ಈಗಲ್ಟನ್ ಪತ್ರಿಕಾಗೋಷ್ಠಿ ಕರೆದು ಎಲ್ಲವನ್ನೂ ತೆರೆದಿಟ್ಟರು. ಮೆಕ್‌ಗವರ್ನ್ ಪಕ್ಕದಲ್ಲಿದ್ದು ಸಮರ್ಥಿಸಿದರು. ತಮ್ಮ ಬೆಂಬಲ ಶೇಕಡಾ ನೂರಲ್ಲ, ಶೇಕಡಾ 1000 ಎಂದು ಅವರು ಘೋಷಿಸಿದ್ದು ಇತಿಹಾಸದಲ್ಲಿ ಉಳಿದುಹೋಗಿದೆ.

ಮುಂದಿನ ದಿನಗಳಲ್ಲಿ ದೊಡ್ಡ ದೊಡ್ಡ ಪತ್ರಿಕೆಗಳು ಈಗಲ್ಟನ್ ಹಿಂದೆ ಸರಿಯಲೆಂದು ಸಂಪಾದಕೀಯ ಬರೆದವು. ಚುನಾವಣೆಗೆ ಹಣ ಕೊಡುವವರು ಹಿಂಜರಿದರು. ಪ್ರಖ್ಯಾತ ಅಂಕಣಕಾರರೊಬ್ಬರು ಈಗಲ್ಟನ್ ಕುಡಿದು ವಾಹನ ನಡೆಸಿ ಸಿಕ್ಕಿಬಿದ್ದಿದ್ದರೆಂದು ಆಧಾರವಿಲ್ಲದ ಆರೋಪ ಹೊರಿಸಿ, ಅನಂತರ ಅದನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಬೇಕಾಯಿತು. ಅಷ್ಟರಲ್ಲಿ ಮೆಕ್‌ಗವರ್ನ್ ಅವರ ಮನಸ್ಸು ಅಲುಗಾಡಿತ್ತು. ನೇರವಾಗಿ ಹೇಳದೆ, ಪತ್ರಕರ್ತರ ಮೂಲಕ ಸುಳಿವುಗಳನ್ನು ಹರಿಯಬಿಟ್ಟರು. ಜುಲೈ 31ರಂದು ಈಗಲ್ಟನ್ ಕಣದಿಂದ ನಿರ್ಗಮಿಸಿದರು. ಒಟ್ಟು 18 ದಿನ. ಸಾವಿರ ಪಾಲಿನ ಬೆಂಬಲ ಒಂದು ವಾರವೂ ಬಾಳಲಿಲ್ಲ.

ಮತ್ತೆ ಹಲವರು ಆಹ್ವಾನವನ್ನು ನಿರಾಕರಿಸಿದ ಮೇಲೆ, ಆಗಸ್ಟ್‌ನಲ್ಲಿ ಸಾರ್ಜೆಂಟ್ ಶ್ರೈವರ್ ಆ ಸ್ಥಾನಕ್ಕೆ ಬಂದರು. ನವೆಂಬರ್ 7ರಂದು ರಿಚರ್ಡ್ ನಿಕ್ಸನ್ 50 ರಾಜ್ಯಗಳ ಪೈಕಿ 49ರಲ್ಲಿ ಗೆದ್ದರು. ಮೆಕ್‌ಗವರ್ನ್ ಅವರಿಗೆ ದಕ್ಕಿದ್ದು ಮ್ಯಾಸಚೂಸೆಟ್ಸ್ ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ.

ಫಲವನ್ನು ನೋಡಿ ಆಯ್ಕೆಯನ್ನು ಅಳೆಯಬಹುದೇ?

ಅಂದಿನಿಂದ ಇಂದಿನವರೆಗೆ ಪಂಡಿತರು ಹೇಳುತ್ತ ಬಂದ ಮಾತು ಒಂದೇ: ಈಗಲ್ಟನ್ ಅವರನ್ನು ಆರಿಸಿದ್ದೇ ತಪ್ಪು. ಈ ಮಾತನ್ನು ಒಪ್ಪಲು ನಮ್ಮ ಮನಸ್ಸು ಹಿಂಜರಿಯುತ್ತದೆ.

ಮೊದಲನೆಯದಾಗಿ, ಸೋಲು ಬಂದಿತೆಂದ ಮಾತ್ರಕ್ಕೆ ಸೋಲಿಗೆ ಮುಂಚೆ ನಡೆದುದೆಲ್ಲವೂ ಅದಕ್ಕೆ ಕಾರಣವಾಗುವುದಿಲ್ಲ. ನಿಕ್ಸನ್ ಶೇಕಡಾ 60ಕ್ಕೂ ಮಿಕ್ಕಿ ಮತಗಳನ್ನು ಪಡೆದರು. ಮೆಕ್‌ಗವರ್ನ್ ಶೇಕಡಾ 38ನ್ನೂ ಮುಟ್ಟಲಿಲ್ಲ. ಇಷ್ಟು ದೊಡ್ಡ ಕಂದರವನ್ನು ಒಬ್ಬ ಉಪಾಧ್ಯಕ್ಷ ಅಭ್ಯರ್ಥಿ ತೋಡಲೂ ಆರ, ತುಂಬಲೂ ಆರ. ಸಂತ ತೋಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಕಾರ್ಯದ ಪರಿಣಾಮದಿಂದ ಕಾರ್ಯಕ್ಕೆ ಒಳ್ಳೆಯತನ ಅಥವಾ ಕೆಟ್ಟತನ ಕೂಡಿಬರುತ್ತದೆಯೇ? ಪರಿಣಾಮವನ್ನು ಮೊದಲೇ ಕಂಡಿದ್ದರೆ, ಅಥವಾ ಅಂತಹ ಕಾರ್ಯದಿಂದ ಸಾಮಾನ್ಯವಾಗಿ ಅಂತಹ ಪರಿಣಾಮ ಹುಟ್ಟುವಂತಿದ್ದರೆ ಹೌದು. ಆಕಸ್ಮಿಕವಾಗಿ ಬಂದೊದಗಿದ್ದಾದರೆ ಅಲ್ಲ ಎಂಬುದು ಅವರ ಉತ್ತರದ ಸಾರ.

ಎರಡನೆಯದಾಗಿ, ಗೆದ್ದವರ ಜೋಡಿಯನ್ನಾದರೂ ನೋಡೋಣ. ಯಾವ ಆಸ್ಪತ್ರೆಯ ಕಡತವೂ ಇಲ್ಲದ, ಎಲ್ಲರ ದೃಷ್ಟಿಯಲ್ಲಿ 'ಭದ್ರ'ವಾಗಿದ್ದ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಆದಾಯ ತೆರಿಗೆ ವಂಚನೆಯ ಆರೋಪವನ್ನು ನ್ಯಾಯಾಲಯದಲ್ಲಿ ಪ್ರತಿಭಟಿಸಲಾಗದೆ 1973ರ ಅಕ್ಟೋಬರ್ 10ರಂದು ರಾಜೀನಾಮೆ ಕೊಟ್ಟರು. ಅಧ್ಯಕ್ಷ ನಿಕ್ಸನ್ 1974ರ ಆಗಸ್ಟ್ 9ರಂದು ವಾಟರ್‌ಗೇಟ್ ಹಗರಣದಲ್ಲಿ ಪದವಿ ತೊರೆದರು. ಅತ್ತ 'ಅಪಾಯಕಾರಿ' ಎನಿಸಿಕೊಂಡ ಈಗಲ್ಟನ್ ಅವರನ್ನು ಮಿಸೌರಿಯ ಮತದಾರರು ಎಲ್ಲವನ್ನೂ ತಿಳಿದೇ 1974ರಲ್ಲಿ ಮತ್ತೊಮ್ಮೆ, 1980ರಲ್ಲಿ ಇನ್ನೊಮ್ಮೆ ಸೆನೆಟಿಗೆ ಕಳುಹಿಸಿದರು. 1987ರ ಜನವರಿಯಲ್ಲಿ ತಾವಾಗಿಯೇ ನಿವೃತ್ತರಾಗುವ ತನಕ ಅವರು ಗೌರವದಿಂದ ಸೇವೆ ಸಲ್ಲಿಸಿದರು. 1973ರಲ್ಲಿ ಕಾಂಬೋಡಿಯದ ಮೇಲಿನ ಬಾಂಬು ದಾಳಿಯನ್ನು ನಿಲ್ಲಿಸುವ ಪ್ರಯತ್ನದಲ್ಲಿ ಅವರ ಹೆಸರಿನ ತಿದ್ದುಪಡಿಯೇ ಮುಂಚೂಣಿಯಲ್ಲಿತ್ತು. 2007ರಲ್ಲಿ ಅವರು ತೀರಿಕೊಂಡರು. ಹಾಗಾದರೆ 1972ರ ಆ ನಾಲ್ವರಲ್ಲಿ ಯಾರ ಮನಸ್ಸಿನ ಆರೋಗ್ಯ ದೇಶಕ್ಕೆ ಅಪಾಯಕಾರಿಯಾಗಿತ್ತು? ಪ್ರಾಮಾಣಿಕವಾಗಿ ಉತ್ತರಿಸಲು ಕಷ್ಟವೇನಿಲ್ಲ.

ಅಣುಬಾಂಬಿನ ಕೀಲಿಕೈ ಹಿಡಿಯಬೇಕಾದವನ ಮನಸ್ಸು ಸ್ಥಿರವಾಗಿರಬೇಡವೇ ಎಂದು ಓದುಗರು ಕೇಳಬಹುದು. ಇದು ಹಗುರವಾದ ಆಕ್ಷೇಪವಲ್ಲ. ಅಂತಹ ಪದವಿಯನ್ನು ಬಯಸುವವನ ಆರೋಗ್ಯವನ್ನು ವಿಚಾರಿಸುವ ಹಕ್ಕು ಜನತೆಗಿದೆ. ಆದರೆ ವಿಚಾರಿಸಬೇಕಾದ ರೀತಿ ಯಾವುದು? ವೈದ್ಯರ ಅಭಿಪ್ರಾಯವನ್ನೂ ಚಿಕಿತ್ಸೆಯ ಬಳಿಕ ಆತ ಬಾಳಿದ ಬಾಳನ್ನೂ ತೂಗಿ ನೋಡಬೇಕು. ರೋಗದ ಹೆಸರು ಕೇಳಿದೊಡನೆ ಹುಟ್ಟುವ ಭಯವನ್ನಲ್ಲ. ವಿಚಾರಿಸಬೇಕಾದ ಕಾಲ ಯಾವುದು? ಹೆಸರು ಘೋಷಿಸುವುದಕ್ಕೆ ಮೊದಲು, ಆಮೇಲಲ್ಲ.

ವಿವೇಕದ ಮೂರು ಮೆಟ್ಟಿಲು

ತಪ್ಪು ನಡೆದದ್ದೆಲ್ಲಿ ಎಂಬುದನ್ನು ಗುರುತಿಸಲು ಅಕ್ವಿನಾಸರೇ ನಮಗೆ ದೀವಿಗೆ ಹಿಡಿಯುತ್ತಾರೆ. ವಿವೇಕವೆಂಬ ಸದ್ಗುಣಕ್ಕೆ ಅವರು ಮೂರು ಕೆಲಸಗಳನ್ನು ಹೇಳುತ್ತಾರೆ. ಮೊದಲನೆಯದು ಸಮಾಲೋಚನೆ, ಎರಡನೆಯದು ನಿರ್ಣಯ, ಮೂರನೆಯದು ನಿರ್ಣಯಿಸಿದ್ದನ್ನು ನಡೆಸಿಕೊಡುವ ಸಂಕಲ್ಪ. ಈ ಮೂರಕ್ಕೂ ಎದುರಾಗಿ ಮೂರು ದೋಷಗಳಿವೆ. ಸಮಾಲೋಚನೆಗೆ ಶತ್ರು ಆತುರ. ನಿರ್ಣಯಕ್ಕೆ ಶತ್ರು ಅವಿಮರ್ಶೆ. ಸಂಕಲ್ಪಕ್ಕೆ ಶತ್ರು ಚಂಚಲತೆ. ಆತುರ ಎಂಬುದಕ್ಕೆ ಲತೀನ್ ಭಾಷೆಯಲ್ಲಿ ಬಳಸುವ ಪದದ ಮೂಲಾರ್ಥವೇ ಎತ್ತರದಿಂದ ಧುಮುಕುವುದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಾದಲ್ಲಿ ಒಮ್ಮೆಲೇ ಕೆಳಗೆ ಬೀಳುವವನಂತೆ ಆತುರಗಾರ ಎಂದು ಆ ಸಂತರು ವಿವರಿಸುತ್ತಾರೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಮೂರೇ ಪದಗಳಲ್ಲಿ ಮುಗಿಸಿದ್ದಾರೆ.

ಮೆಕ್‌ಗವರ್ನ್ ಅವರು ಮೊದಲ ಮೆಟ್ಟಿಲಿನಲ್ಲಿ ಆತುರಪಟ್ಟರು. ತಿಂಗಳುಗಟ್ಟಲೆ ಸಮಯವಿದ್ದರೂ ಬರಲೊಲ್ಲದ ಒಬ್ಬರಿಗಾಗಿ ಕಾದು, ಕಟ್ಟಕಡೆಯ ತಾಸುಗಳಲ್ಲಿ ಇನ್ನೊಬ್ಬರನ್ನು ಹುಡುಕಿದರು. ಎರಡನೆಯ ಮೆಟ್ಟಿಲಿನಲ್ಲಿ ವಿಮರ್ಶಿಸಲಿಲ್ಲ. ಜೀವಮಾನದ ಪ್ರಶ್ನೆಯನ್ನು ಫೋನಿನಲ್ಲಿ ಅರೆ ನಿಮಿಷದಲ್ಲಿ ಕೇಳಿ ಮುಗಿಸಿದರು. ಆದರೆ ನಮ್ಮ ದೃಷ್ಟಿಯಲ್ಲಿ ಅತಿ ದೊಡ್ಡ ಪತನವಾದದ್ದು ಮೂರನೆಯದರಲ್ಲಿ. ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ. ಪುಣ್ಯಕೋಟಿಯ ಕಥೆಯನ್ನು ತೊಟ್ಟಿಲಲ್ಲೇ ಕೇಳಿ ಬೆಳೆದ ನಾಡು ನಮ್ಮದು. ಮಾತಿಗೆ ತಪ್ಪುವುದರ ಅರ್ಥವನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂದು ಟೈಮ್ ಪತ್ರಿಕೆ ನಡೆಸಿದ ಸಮೀಕ್ಷೆಯೊಂದರಲ್ಲಿ ಶೇಕಡಾ 77 ಮಂದಿ, ಈಗಲ್ಟನ್ ಅವರ ವೈದ್ಯಕೀಯ ಇತಿಹಾಸ ತಮ್ಮ ಮತದ ಮೇಲೆ ಪರಿಣಾಮ ಬೀರದೆಂದು ಹೇಳಿದ್ದರು. ರೋಗವನ್ನು ಕ್ಷಮಿಸಲು ಜನ ಸಿದ್ಧರಿದ್ದರು. ರೋಗಿಯ ಜೊತೆ ನಿಲ್ಲುತ್ತೇನೆಂದು ಹೇಳಿ ನಿಲ್ಲದವನನ್ನು ಮಾತ್ರ ನಂಬುವುದು ಅವರಿಗೆ ಕಷ್ಟವಾಯಿತು.

ಈಗಲ್ಟನ್ ಅವರು ಸಂಪೂರ್ಣ ನಿರ್ದೋಷಿಗಳೆಂದು ನಾವು ಹೇಳಹೊರಟಿಲ್ಲ. ಗುಣವಾದ ಕಾಯಿಲೆ ಕಳಂಕವಲ್ಲ, ಆದ್ದರಿಂದ ಅದನ್ನು ಹೇಳಬೇಕಾಗಿರಲಿಲ್ಲ ಎಂಬುದು ಅವರ ಸಮರ್ಥನೆಯ ತಿರುಳಾಗಿತ್ತು. ಮೊದಲರ್ಧ ನಿಜ, ಉತ್ತರಾರ್ಧ ನಿಜವಲ್ಲ. ತನ್ನೊಡನೆ ಇಡೀ ಪ್ರಯಾಣವನ್ನು ಹಂಚಿಕೊಳ್ಳಲಿರುವವನು ನೇರವಾಗಿ ಕೇಳಿದಾಗ ಉತ್ತರಿಸುವುದು ಅವರ ಕರ್ತವ್ಯವಾಗಿತ್ತು. ಇನ್ನೂ ಒಂದು ವಿಚಿತ್ರವಿದೆ. ಮೆಕ್‌ಗವರ್ನ್ ಅವರ ನಿಜವಾದ ನಿಲುವುಗಳು ಬಯಲಾದರೆ ಮಧ್ಯಮ ವರ್ಗದ ಕಥೋಲಿಕ ಮತದಾರರು ಅವರನ್ನು ತಿರಸ್ಕರಿಸುವರೆಂದು 1972ರ ವಸಂತದಲ್ಲಿ ಹೆಸರು ಹೇಳಲಿಚ್ಛಿಸದ ಸೆನೆಟರ್ ಒಬ್ಬರು ಪತ್ರಕರ್ತ ರಾಬರ್ಟ್ ನೊವಾಕ್ ಅವರಿಗೆ ಹೇಳಿದ್ದರು. ಆ ಸೆನೆಟರ್ ಬೇರೆ ಯಾರೂ ಅಲ್ಲ, ಈಗಲ್ಟನ್ ಅವರೇ ಎಂದು ಅವರ ಮರಣಾನಂತರ 2007ರಲ್ಲಿ ನೊವಾಕ್ ಬಹಿರಂಗಪಡಿಸಿದರು. ಆರಿಸಿದವನಿಗೆ ಆರಿಸಲ್ಪಟ್ಟವನ ರೋಗವೂ ಗೊತ್ತಿರಲಿಲ್ಲ, ಮನಸ್ಸೂ ಗೊತ್ತಿರಲಿಲ್ಲ. ಪರಿಚಯವಿಲ್ಲದ ಮೈತ್ರಿ ಎಷ್ಟು ದಿನ ನಿಂತೀತು?

ಸಾವಿರ ಸುಳ್ಳು, ಒಂದು ಮದುವೆ

ಇಷ್ಟು ದೂರದ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದ್ದು ಹತ್ತಿರದ ಮಾತೊಂದನ್ನು ಆಡುವುದಕ್ಕಾಗಿ. 'ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು' ಎಂಬ ಗಾದೆ ನಮ್ಮ ಸಮಾಜದಲ್ಲಿ ಇನ್ನೂ ಸತ್ತಿಲ್ಲ. ಮನೆಯಲ್ಲಿ ಒಬ್ಬ ಮಗಳಿಗೆ ಖಿನ್ನತೆಯ ಚಿಕಿತ್ಸೆ ನಡೆದಿದ್ದರೆ ಅದನ್ನು ಅವಳ ಮದುವೆಯ ಮಾತಿನಲ್ಲಿ ಮಾತ್ರವಲ್ಲ, ಅವಳ ತಂಗಿಯ ಮದುವೆಯ ಮಾತಿನಲ್ಲೂ ಮುಚ್ಚಿಡಲಾಗುತ್ತದೆ. ಮಾತ್ರೆಯ ಚೀಟಿಗಳು ಬೀರುವಿನ ತಳ ಸೇರುತ್ತವೆ. ಪರವೂರಿನ ವೈದ್ಯರನ್ನು ಕಾಣಲು ಹೋದುದಕ್ಕೆ ಯಾತ್ರೆಯ ನೆಪ ಹೇಳಲಾಗುತ್ತದೆ. ಮದುವೆ ನಿಶ್ಚಯವಾದ ಬಳಿಕ ಮಾತ್ರೆ ನಿಲ್ಲಿಸಲು ಒತ್ತಾಯಿಸುವ ತಂದೆತಾಯಿಗಳೂ ಇದ್ದಾರೆ. ಮೂರು ತಿಂಗಳಲ್ಲಿ ಆ ಹೆಣ್ಣುಮಗಳು ಅತ್ತೆಯ ಮನೆಯಲ್ಲಿ, ಅಪರಿಚಿತರ ನಡುವೆ, ಔಷಧವಿಲ್ಲದೆ ಕುಸಿದು ಬೀಳುತ್ತಾಳೆ. ಆಗ ಅಲ್ಲಿಯವರು ಹೇಳುವ ಮೊದಲ ಮಾತು: ನಮಗೆ ಮೋಸವಾಯಿತು.

ಇನ್ನೊಂದು ಬಗೆಯೂ ಉಂಟು. ಹೆಣ್ಣಿನ ಕಡೆಯವರು ಅಥವಾ ಗಂಡಿನ ಕಡೆಯವರು ಧೈರ್ಯ ತಂದುಕೊಂಡು ಎಲ್ಲವನ್ನೂ ಮುಂಚಿತವಾಗಿ ಹೇಳುತ್ತಾರೆ. ಎದುರು ಪಕ್ಷದವರು, 'ಅದೇನು ಮಹಾ, ಎಲ್ಲರ ಮನೆಯಲ್ಲೂ ಇರುವುದೇ' ಎಂದು ಬೆನ್ನು ತಟ್ಟುತ್ತಾರೆ. ಸಾವಿರ ಪಾಲು ಬೆಂಬಲ. ಒಂದು ವಾರದೊಳಗೆ ನೆಂಟರಿಷ್ಟರು ಕಿವಿಯೂದುತ್ತಾರೆ. ಆಮೇಲೆ ಫೋನು ಎತ್ತುವವರಿಲ್ಲ. ನೇರವಾಗಿ ಬಂದು ಬೇಡವೆನ್ನುವ ಸೌಜನ್ಯವೂ ಇಲ್ಲ. ದಲ್ಲಾಳಿಯ ಮೂಲಕ ಸುಳಿವು. ಅಷ್ಟಾಗಿದ್ದರೂ ಸಹಿಸಬಹುದು. ನಂಬಿ ಹೇಳಿದ ಗುಟ್ಟು ಮುಂದಿನ ಭಾನುವಾರದ ಹೊತ್ತಿಗೆ ದೇವಾಲಯದ ಅಂಗಳದಲ್ಲಿ ಓಡಾಡುತ್ತಿರುತ್ತದೆ. ಸತ್ಯ ಹೇಳಿದವರಿಗೆ ನಾವು ಕೊಡುವ ಬಹುಮಾನ ಇದಾದರೆ, ಮುಂದಿನ ಮನೆಯವರು ಸುಳ್ಳು ಹೇಳುವುದನ್ನು ನಾವೇ ಕಲಿಸಿದಂತಾಯಿತು. ಈಗಲ್ಟನ್ ಅವರ ಮೌನವನ್ನು ಅರ್ಧ ಅವರು ಕಟ್ಟಿದರು, ಇನ್ನರ್ಧವನ್ನು ಅವರ ಸಮಾಜ ಕಟ್ಟಿತು. ನಮ್ಮ ಮನೆಗಳ ಮೌನವೂ ಹಾಗೆಯೇ.

ಇದು ಕೆಲವೇ ಮನೆಗಳ ಸಂಕಟವೆಂದು ಯಾರೂ ಭಾವಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡಾ 10.6 ಮಂದಿ ಒಂದಲ್ಲ ಒಂದು ಬಗೆಯ ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಈ ಲೆಕ್ಕವನ್ನು ಹಿಡಿದು ನೋಡಿದರೆ, 1000 ಮಂದಿ ವಯಸ್ಕರಿರುವ ಒಂದು ಧರ್ಮಕೇಂದ್ರದಲ್ಲಿ ಸುಮಾರು 100 ಮಂದಿ! ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಹಿಂದಿನ ಬೆಂಚಿನಲ್ಲಿ, ಕೆಲವೊಮ್ಮೆ ನಮ್ಮದೇ ಬೆಂಚಿನಲ್ಲಿ, ಅವರು ಕುಳಿತಿರುತ್ತಾರೆ.

ವಿದ್ಯುತ್ ಆಘಾತ ಚಿಕಿತ್ಸೆಯೂ ಸಿನಿಮಾಗಳಲ್ಲಿ ತೋರಿಸುವಂತಹ ಶಿಕ್ಷೆಯಲ್ಲ. ತೀವ್ರ ಖಿನ್ನತೆಗೆ ಇಂದಿಗೂ ಅದು ಪರಿಣಾಮಕಾರಿಯಾದ ಚಿಕಿತ್ಸೆ. 2017ರ ನಮ್ಮ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಅದನ್ನು ನೀಡುವುದನ್ನು ನಿಷೇಧಿಸಿದೆ. ಅಂದಮೇಲೆ ಆ ಹೆಸರು ಕೇಳಿ ಬೆಚ್ಚಿಬೀಳುವುದು ಅಜ್ಞಾನವೇ ಹೊರತು ಎಚ್ಚರಿಕೆಯಲ್ಲ.

ಧರ್ಮಸಭೆ ಏನನ್ನುತ್ತದೆ?

ಮದುವೆಯ ವಿಷಯದಲ್ಲಿ ಧರ್ಮಸಭೆಯ ನಿಲುವು ಸ್ಪಷ್ಟವಾಗಿದೆ, ಮತ್ತು ಅದು ಎರಡೂ ಕಡೆಗೆ ಕೊಯ್ಯುವ ಕತ್ತಿ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1098ನೆಯ ವಿಧಿಯ ಪ್ರಕಾರ, ಒಪ್ಪಿಗೆಯನ್ನು ಪಡೆಯುವ ಉದ್ದೇಶದಿಂದಲೇ, ದಾಂಪತ್ಯದ ಬಾಳುವೆಯನ್ನು ಸಹಜವಾಗಿ ಗಂಭೀರವಾಗಿ ಕದಡಬಲ್ಲ ಗುಣವೊಂದರ ಬಗ್ಗೆ ವಂಚಿಸಿ ಮಾಡಿಸಿದ ಮದುವೆ ಸಿಂಧುವಾಗುವುದಿಲ್ಲ. ಸಾವಿರ ಸುಳ್ಳು ಹೇಳಿ ಮದುವೆ ಮಾಡಿಸುವ ತಂದೆತಾಯಿಗಳು ಇದನ್ನು ನೆನಪಿಡಬೇಕು: ಬಲಿಪೀಠದ ಮುಂದೆ ಪಡೆದ 'ಹೌದು' ಎಂಬ ಮಾತೇ ಪೊಳ್ಳಾಗಬಹುದು.

ಇನ್ನೊಂದು ಕಡೆ, ಸಂಗಾತಿಗೆ ಮನೋವ್ಯಥೆಯಿದೆಯೆಂದು ತಿಳಿದಾಕ್ಷಣ ಮದುವೆಯನ್ನು ಮುರಿಯಲು ಹೊರಡುವವರಿಗೂ ಎಚ್ಚರಿಕೆಯಿದೆ. 1987ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ರೋಮ್‌ನ ರೋಟಾ ನ್ಯಾಯಾಲಯದ ನ್ಯಾಯಾಧೀಶರಿಗೆ ನೀಡಿದ ಭಾಷಣದಲ್ಲಿ ಅಸಾಮರ್ಥ್ಯ ಬೇರೆ, ಕಷ್ಟ ಬೇರೆ ಎಂದು ಗೆರೆ ಎಳೆದು ತೋರಿಸಿದರು. ದಾಂಪತ್ಯದ ಭಾರವನ್ನು ಹೊರಲಾರದವನು ಒಬ್ಬ. ಹೊರುವುದು ಕಷ್ಟವಾಗಿರುವವನು ಇನ್ನೊಬ್ಬ. ಎರಡನೆಯವನಿಗೆ ಬೇಕಾದದ್ದು ನ್ಯಾಯಾಲಯವಲ್ಲ, ಆಸರೆ. ಸುಖದಲ್ಲಿಯೂ ದುಃಖದಲ್ಲಿಯೂ, ಆರೋಗ್ಯದಲ್ಲಿಯೂ ಅನಾರೋಗ್ಯದಲ್ಲಿಯೂ ಜೊತೆಗಿರುವೆನೆಂದು ವಧೂವರರು ಭಾಷೆ ಕೊಡುವಾಗ 'ಅನಾರೋಗ್ಯ' ಎಂಬ ಪದದಿಂದ ಮನಸ್ಸಿನ ಅನಾರೋಗ್ಯವನ್ನು ಯಾರೂ ತೆಗೆದುಹಾಕಿಲ್ಲ.

ಇಂತಹವರನ್ನು ಆದರಿಸುವ ವಿದ್ಯೆ ಕಥೋಲಿಕರಿಗೆ ಹೊಸತೇನಲ್ಲ. ಬೆಲ್ಜಿಯಂ ದೇಶದಲ್ಲಿ ಖೇಲ್ ಎಂಬ ಪಟ್ಟಣವಿದೆ. ಮನೋರೋಗಿಗಳ ಪಾಲಕಿ ಸಂತ ಡಿಂಫ್ನಾ ಅವರ ದೇವಾಲಯಕ್ಕೆ ಮಧ್ಯಯುಗದಿಂದಲೂ ಯಾತ್ರಿಕರು ರೋಗಿಗಳನ್ನು ಕರೆತರುತ್ತಿದ್ದರು. ದೇವಾಲಯದಲ್ಲಿ ಸ್ಥಳ ಸಾಲದೆ ಹೋದಾಗ ಊರಿನ ಕುಟುಂಬಗಳು ಅವರನ್ನು ತಮ್ಮ ಮನೆಗಳಿಗೆ ಕರೆದುಕೊಂಡವು. ಹೊಲದ ಕೆಲಸ, ಊಟ, ಪ್ರಾರ್ಥನೆ ಎಲ್ಲದರಲ್ಲೂ ಮನೆಯವರಂತೆ ಸೇರಿಸಿಕೊಂಡವು. ಶತಮಾನಗಳು ಉರುಳಿದರೂ ಆ ಪದ್ಧತಿ ಅಲ್ಲಿ ಅಳಿದಿಲ್ಲ. ಅಪರಿಚಿತರ ಮನೋರೋಗಿಗಳಿಗೆ ಆ ಊರಿನವರು ಮನೆಯಲ್ಲಿ ಜಾಗ ಕೊಟ್ಟರು. ನಾವು ನಮ್ಮವರಿಗೇ ಮಾತಿನಲ್ಲಿ ಜಾಗ ಕೊಡದಿದ್ದರೆ ಹೇಗೆ?

ಆಯ್ಕೆಯ ವಿಷಯದಲ್ಲಿ ಶುಭಸಂದೇಶವೂ ಒಂದು ಮಾದರಿಯನ್ನು ನೀಡುತ್ತದೆ. ಪ್ರಭು ಕ್ರಿಸ್ತರು ಹನ್ನೆರಡು ಮಂದಿ ಪ್ರೇಷಿತರನ್ನು ಆರಿಸುವ ಮುನ್ನ ಬೆಟ್ಟವನ್ನೇರಿ ಇಡೀ ರಾತ್ರಿ ಪ್ರಾರ್ಥನೆಯಲ್ಲಿ ಕಳೆದರೆಂದು ಸಂತ ಲೂಕನು ತಿಳಿಸುತ್ತಾನೆ. ಅಷ್ಟಾದರೂ ಆ ಹನ್ನೆರಡರಲ್ಲಿ ಒಬ್ಬನು ಹಿಡಿದುಕೊಟ್ಟನು, ಇನ್ನೊಬ್ಬನು ಮೂರು ಬಾರಿ ಅರಿಯೆನೆಂದನು, ಉಳಿದವರು ಓಡಿಹೋದರು. ಫಲವನ್ನು ನೋಡಿ ಆಯ್ಕೆಯನ್ನು ಅಳೆಯುವ ಪಂಡಿತರು ಅಂದಿನ ಶುಕ್ರವಾರ ಸಂಜೆ ಏನೆಂದು ಬರೆಯುತ್ತಿದ್ದರೋ! ಆದರೆ ಅರಿಯೆನೆಂದ ಪೇತ್ರನನ್ನು ಪ್ರಭು ಪಟ್ಟಿಯಿಂದ ಹೊಡೆದುಹಾಕಲಿಲ್ಲ. ಸರೋವರದ ತೀರದಲ್ಲಿ ಮೂರು ಬಾರಿ ಪ್ರೀತಿಯನ್ನು ಕೇಳಿ, ತಮ್ಮ ಮಂದೆಯನ್ನೇ ಅವನಿಗೆ ಒಪ್ಪಿಸಿದರು. ಎಚ್ಚರದಿಂದ ಆರಿಸುವುದು ಒಂದು ಸದ್ಗುಣ. ಆರಿಸಿದವನ ಬಲಹೀನತೆ ಬಯಲಾದಾಗಲೂ ಬಿಡದಿರುವುದು ಅದಕ್ಕಿಂತ ದೊಡ್ಡದು.

ಮುಚ್ಚಿಟ್ಟ ಮನೆ, ತೆರೆದಿಟ್ಟ ಮನೆ

ಈಗಲ್ಟನ್ ಅವರ ಸ್ಥಾನಕ್ಕೆ ಬಂದ ಸಾರ್ಜೆಂಟ್ ಶ್ರೈವರ್ ಅವರ ಕುಟುಂಬದ ಕಥೆಯನ್ನು ಹೇಳದಿದ್ದರೆ ಈ ಮಾತು ಅಪೂರ್ಣವಾಗುತ್ತದೆ. ಶ್ರೈವರ್ ಅವರು 1961ರಲ್ಲಿ ಸ್ಥಾಪನೆಯಾದ ಶಾಂತಿ ದಳದ ಪ್ರಥಮ ನಿರ್ದೇಶಕರು. ಆ ದಳದ ಸ್ವಯಂಸೇವಕರು 1976ರವರೆಗೆ ನಮ್ಮ ದೇಶದಲ್ಲೂ ಸೇವೆ ಸಲ್ಲಿಸಿದರು. ಶ್ರೈವರ್ ಅವರ ಪತ್ನಿ ಯೂನಿಸ್, ಅಧ್ಯಕ್ಷ ಜಾನ್ ಕೆನೆಡಿಯವರ ಸಹೋದರಿ. ಆ ಮನೆಯಲ್ಲಿ ರೋಸ್‌ಮೇರಿ ಎಂಬ ಇನ್ನೊಬ್ಬ ಸಹೋದರಿ ಬುದ್ಧಿಯ ಬೆಳವಣಿಗೆಯಲ್ಲಿ ಹಿಂದುಳಿದಿದ್ದಳು. 1941ರಲ್ಲಿ, ಆಕೆಗೆ 23 ವರ್ಷವಾಗಿದ್ದಾಗ, ತಂದೆಯು ಆಕೆಯ ಮೆದುಳಿನ ಶಸ್ತ್ರಚಿಕಿತ್ಸೆ ಮಾಡಿಸಿದರು. ಅದರಿಂದ ಆಕೆಯ ಸ್ಥಿತಿ ಸರಿಪಡಿಸಲಾಗದಷ್ಟು ಹದಗೆಟ್ಟಿತು. ಆಮೇಲೆ ಹಲವಾರು ವರ್ಷ ಆ ಪ್ರಸಿದ್ಧ ಕಥೋಲಿಕ ಕುಟುಂಬ ರೋಸ್‌ಮೇರಿಯ ಸುದ್ದಿಯನ್ನೇ ಹೊರಗೆ ಬಿಡಲಿಲ್ಲ. ವಿಸ್ಕಾನ್ಸಿನ್ ರಾಜ್ಯದಲ್ಲಿ ಧರ್ಮಭಗಿನಿಯರು ನಡೆಸುತ್ತಿದ್ದ ಸಂಸ್ಥೆಯೊಂದರಲ್ಲಿ ಆಕೆಯ ಬಾಳು ಕಳೆಯಿತು.

ಈ ಮೌನವನ್ನು ಮುರಿದವರು ಯೂನಿಸ್. 1962ರಲ್ಲಿ, ಅಣ್ಣನು ದೇಶದ ಅಧ್ಯಕ್ಷನಾಗಿದ್ದಾಗಲೇ, ಜನಪ್ರಿಯ ಪತ್ರಿಕೆಯೊಂದರಲ್ಲಿ ಲೇಖನ ಬರೆದು ತನ್ನ ಅಕ್ಕನ ಸ್ಥಿತಿಯನ್ನು ಜಗತ್ತಿಗೆ ತಿಳಿಸಿದರು. ಅದರಿಂದ ಕೆನೆಡಿ ಮನೆತನದ ಮಾನ ಹೋಗಲಿಲ್ಲ. ಅಂತಹ ಮಕ್ಕಳಿದ್ದ ಸಹಸ್ರಾರು ತಂದೆತಾಯಿಗಳು ತಲೆಯೆತ್ತಿ ನಡೆಯುವಂತಾಯಿತು. 1968ರಲ್ಲಿ ಯೂನಿಸ್ ಅವರ ಮುಂದಾಳುತನದಲ್ಲಿ ಶಿಕಾಗೋ ನಗರದಲ್ಲಿ ವಿಶೇಷ ಒಲಿಂಪಿಕ್ಸ್ ಕ್ರೀಡಾಕೂಟ ಆರಂಭವಾಯಿತು. ಅದರ ಶಾಖೆಗಳು ನಮ್ಮ ದೇಶದಲ್ಲೂ ಇವೆ. ಮುಂದೆ ಶ್ರೈವರ್ ಅವರಿಗೇ ನೆನಪಿನ ಶಕ್ತಿಯನ್ನು ಕಸಿಯುವ ಆಲ್ಝೈಮರ್ ಕಾಯಿಲೆ ಬಂದಾಗ, 2003ರಲ್ಲಿ ಅದನ್ನೂ ಬಹಿರಂಗವಾಗಿ ತಿಳಿಸಲಾಯಿತು. 2011ರಲ್ಲಿ ಅವರು ನಿಧನ ಹೊಂದಿದರು.

ಮೆಕ್‌ಗವರ್ನ್ ಅವರ ಮನೆಯನ್ನೂ ನೋವು ಬಿಡಲಿಲ್ಲ. ಖಿನ್ನತೆ ಮತ್ತು ಮದ್ಯವ್ಯಸನದೊಡನೆ ಹೋರಾಡುತ್ತಿದ್ದ ಅವರ ಮಗಳು ಟೆರಿ 1994ರ ಡಿಸೆಂಬರಿನಲ್ಲಿ ಹಿಮದಲ್ಲಿ ಸತ್ತುಬಿದ್ದಿದ್ದಳು. 1996ರಲ್ಲಿ ತಂದೆಯು ಅವಳ ಬಗ್ಗೆ ಮುಚ್ಚುಮರೆಯಿಲ್ಲದೆ ಪುಸ್ತಕ ಬರೆದರು. 2012ರಲ್ಲಿ ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷಗಳಲ್ಲಿ, ಮತ್ತೊಮ್ಮೆ ಅವಕಾಶ ಸಿಕ್ಕರೆ ಈಗಲ್ಟನ್ ಅವರನ್ನು ಉಳಿಸಿಕೊಳ್ಳುತ್ತಿದ್ದೆನೆಂದು ಅವರು ಹೇಳಿದ್ದುಂಟು. ಮನೋರೋಗದ ಬಗ್ಗೆ ಆಗ ತಮಗೆ ಏನೂ ತಿಳಿದಿರಲಿಲ್ಲವೆಂದೂ ಒಪ್ಪಿಕೊಂಡರು. ಪಂಡಿತರು ಆಯ್ಕೆಯನ್ನು ದೂರಿದರು. ಆರಿಸಿದವರು ಕೊನೆಗೆ ದೂರಿಕೊಂಡದ್ದು ಕೈಬಿಟ್ಟದ್ದನ್ನು.

ನಮ್ಮ ಕುಟುಂಬಗಳಿಗೆ ನಾವು ಹೇಳಬಯಸುವುದು ಇಷ್ಟೇ. ಮದುವೆಯ ಮಾತುಕತೆಗೆ ಸಾಕಷ್ಟು ಸಮಯ ಕೊಡಿ. ಗಡುವಿನ ಭಯದಿಂದ ಜೀವನದ ಸಂಗಾತಿಯನ್ನು ನಿಶ್ಚಯಿಸಬೇಡಿ. ಹುಡುಗ ಹುಡುಗಿಯರು ತಮ್ಮ ಆರೋಗ್ಯದ ಸತ್ಯವನ್ನು, ದೇಹದ್ದಾಗಲಿ ಮನಸ್ಸಿನದಾಗಲಿ, ನಿಶ್ಚಿತಾರ್ಥಕ್ಕೆ ಮುನ್ನ ಪರಸ್ಪರ ಮುಖಾಮುಖಿಯಾಗಿ ಹೇಳಿಕೊಳ್ಳಲಿ. ಅದು ದಲ್ಲಾಳಿಯ ಕೆಲಸವಲ್ಲ. ಕೇಳಿದವರು ಒಪ್ಪಲಾರದಿದ್ದರೆ ಒಪ್ಪದಿರುವ ಸ್ವಾತಂತ್ರ್ಯ ಅವರಿಗಿದೆ. ಅದನ್ನು ಸೌಮ್ಯವಾಗಿ, ನೇರವಾಗಿ, ಬೇಗನೆ ತಿಳಿಸಲಿ; ಕೇಳಿದ ಗುಟ್ಟನ್ನು ಪಾಪನಿವೇದನೆಯ ಗುಟ್ಟಿನಂತೆ ಹೊಟ್ಟೆಯಲ್ಲಿಟ್ಟುಕೊಳ್ಳಲಿ. ಒಪ್ಪಿದವರಾದರೋ ಒಪ್ಪಿದ ಮಾತಿನಲ್ಲಿ ನಿಲ್ಲಲಿ. ಔಷಧವನ್ನು ಯಾರೂ ಯಾರ ಮರ್ಯಾದೆಗಾಗಿಯೂ ನಿಲ್ಲಿಸದಿರಲಿ. ಮನಸ್ಸಿನ ಬಳಲಿಕೆಗೆ ಸರಕಾರದ ಉಚಿತ ದೂರವಾಣಿ ಸಂಖ್ಯೆ 14416 ಇದೆ. ಅದನ್ನು ದೇವಾಲಯದ ಸೂಚನಾ ಫಲಕಗಳಲ್ಲಿ ಮದುವೆಯ ಪ್ರಕಟಣೆಗಳ ಪಕ್ಕದಲ್ಲಿಯೇ ಹಚ್ಚಿದರೆ ತಪ್ಪೇನೂ ಇಲ್ಲ.

ಶೇಕಡಾ ಸಾವಿರದ ಬೆಂಬಲ ಯಾರಿಗೂ ಬೇಕಾಗಿಲ್ಲ. ಶೇಕಡಾ ನೂರು ಸಾಕು, ಕೊನೆಯವರೆಗೆ ಉಳಿಯುವುದಾದರೆ.